ಬೇರೆ ಖೋಲಿ

ಬೈಕುಲ್ಲಾ, ಮುಂಬಯಿ
ತಾ. ೨೨-೭-೧೯೫೪

ಅಕ್ಕ ರಾಚವ್ವನಿಗೆ ನಿನ್ನ ಕಾಶಿಯ ಶರಣು.

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು, ತಡವಾಯಿತು. ಸಿಟ್ಟಾಗಬೇಡ. ಸಿಟ್ಟು ಬಂದರೂ ಮುರಿಗೆಪ್ಪ ಮಾವನ ಮೇಲೆ ತೀರಿಸಿಕೊಳ್ಳಬೇಡ. ಪಾಪ, ಕೈಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರು ಹೆಂಡತಿಗೆ ಹೆದರಿ ಎದ್ದು ಓಡುವುದಾದರೂ ಹೇಗೆ!

"ಪಂಚಮಿಗೆ ಬಾ, ನನ್ನ ಮನೆಯೇ ನಿನ್ನ ತವರು. ಜೋಕಾಲಿ ಆಡು, ಉಂಡಿ ತಿನ್ನು, ಹೋಗುವಾಗ ನಿನ್ನ ರುದ್ರಿಯನ್ನು ಕರೆದುಕೊಂಡು ಹೋಗು. ಇನ್ನು ಅಲ್ಲಿ ಅಂಜಿಕೆ ಏನಿದೆ?" ಎಂದು ಬರೆದಿದ್ದೀಯಲ್ಲ, ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಮಗಳು ಒಮ್ಮೊಮ್ಮೆ ನಿನ್ನನ್ನು ಅವ್ವಾ ಎಂದು ಕರೆಯುತ್ತಾಳಂತೆ. ನೀನು "ನಾ ದೊಡ್ಡವ್ವ ಅದೀನಿ, ನಿಮ್ಮವ್ವ ಮುಂಬಯಿದಾಗ ಅದಾಳ" ಎಂದು ತಿದ್ದುತ್ತೀಯಂತೆ. ಅವಳು ಓಣಿಯಲ್ಲಿ ಎಲ್ಲರಿಗೂ "ನಮ್ಮವ್ವ ರೈಲಿನಾಗ ಬರತಾಳ" ಎಂದು ಸಾರುತ್ತಾಳಂತೆ. ನಕ್ಕೆ, ಅತ್ತೆ, ಮತ್ತೆ ನಕ್ಕೆ.

ಇಲ್ಲಿ ಮಳೆ ಬಿಡುವು ಕೊಟ್ಟಿಲ್ಲ. ಚಾಳಿನ ಮೆಟ್ಟಿಲ ಕೆಳಗೆ ನೀರು ನಿಂತು ನಾರುತ್ತಿದೆ. ಪಕ್ಕದ ಖೋಲಿಯ ಸೇವಂತಿ ಗೊತ್ತಲ್ಲ, ಗಂಡ ಉಡುಪಿ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಾನೆ. "ಒಬ್ಬರೇ ಕೂತು ಎಂತ ಯೋಚನೆ ಮಾಡುದು ಕಾಶಕ್ಕ? ಗಂಜಿ ತಂದಿದ್ದೇನೆ, ಉಣ್ಣಿ ಮಾರಾಯ್ರೆ" ಎಂದು ಹೊಸ್ತಿಲ ಮೇಲೆ ಪಾತ್ರೆ ಇಟ್ಟು ಹೋಗುತ್ತಾಳೆ. ಒಳ್ಳೆಯ ಹೆಂಗಸು.

ನಮ್ಮ ಮನೆಯವರಿಗೆ ಆ ಕ್ಷಯ ಎಲ್ಲಿಂದ ಅಂಟಿತು, ಯಾರದಾದರೂ ಕಣ್ಣು ಬಿತ್ತೇ ಎಂದು ಕೇಳಿದ್ದೀ. ಕಣ್ಣಲ್ಲ ಅಕ್ಕ, ಬಾಯಿ. ಗಿರಣಿಯ ಮಗ್ಗದಲ್ಲಿ ನೂಲು ಮುಗಿದಾಗಲೆಲ್ಲ ಹೊಸ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಿಯಲ್ಲಿ ಹೀರಿ ಎಳೆಯಬೇಕು. ಹಗಲು ಪಾಳಿಯವನು ಹೀರಿದ ಲಾಳಿಯನ್ನೇ ರಾತ್ರಿ ಪಾಳಿಯವನೂ ಹೀರುತ್ತಾನೆ. ಎಂಜಲು ತಾಕಿ ಜಾತಿ ಕೆಡುತ್ತದೆಂದು ಆ ನೇಯ್ಗೆ ಖಾತೆಗೆ ಹರಿಜನರನ್ನು ಕಾಲಿಡಗೊಡುವುದಿಲ್ಲ. ಇವರಿಗೂ ಅದೇ ದೊಡ್ಡಸ್ತಿಕೆ: "ನಮ್ಮ ಮಗ್ಗದಾಗ ನಮ್ಮ ಮಂದೀದಷ್ಟ ಎಂಜಲ ಐತಿ, ಅದ್ಯಾತರ ಎಂಜಲ?" ಎನ್ನುತ್ತಿದ್ದರು. ಇನ್ನೊಂದು ಪಾಳಿಯವನು ನಮ್ಮವನೇ, ಲಿಂಗ ಕಟ್ಟಿಕೊಂಡವನೇ. ಕೆಮ್ಮಿದರೆ ಕೆಲಸದಿಂದ ತೆಗೆಯುತ್ತಾರೆಂದು ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ಮುತ್ತಿದ್ದನಂತೆ. ಅದು ಅವನು ಸತ್ತ ಮೇಲೆ ತಿಳಿಯಿತು. ತಂತಿಯ ಕೊಕ್ಕೆಯಿಂದ ನೂಲು ಎಳೆಯಬಹುದಿತ್ತಲ್ಲ ಎಂದು ಡಾಕ್ಟರರು ಇವರನ್ನು ಕೇಳಿದರು. ಎಳೆಯಬಹುದಿತ್ತು. ಆದರೆ ಅಷ್ಟು ಹೊತ್ತು ಮಗ್ಗ ನಿಂತರೆ ಪಗಾರವೂ ನಿಲ್ಲುತ್ತದೆ. ಆ ಇನ್ನೊಂದು ಪಾಳಿಯ ಮನುಷ್ಯನನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ, ಸತ್ತವನೆಂದೂ ನೋಡದೆ.

ಡಾಕ್ಟರರು ಕೆಟ್ಟವರಲ್ಲ. ಹಾಲು ಕೊಡಿ, ಕಿಟಕಿ ತೆರೆದಿಡಿ, ಮಗುವನ್ನು ಬೇರೆ ಖೋಲಿಯಲ್ಲಿ ಮಲಗಿಸಿ ಎಂದರು. ನಮ್ಮ ಕಿಟಕಿ ತೆರೆದರೆ ಎದುರಿಗೆ ಸಂಡಾಸಿನ ಗೋಡೆ. ಇನ್ನು ಖೋಲಿಯೋ, ಒಂದೇ. ಅದರಲ್ಲೇ ಒಲೆ, ಅದರಲ್ಲೇ ಮೋರಿ, ಅದರಲ್ಲೇ ಅವರ ಹಾಸಿಗೆ, ನಡುವೆ ಕಟ್ಟಿದ ನನ್ನ ಸೀರೆ. ಬೇರೆ ಖೋಲಿ ಎಲ್ಲಿಂದ ತರಲಿ ಎಂದು ಯೋಚಿಸಿದಾಗ ನೆನಪಾದದ್ದು ರಬಕವಿಯ ನಿನ್ನ ಮನೆ. ಮುರಿಗೆಪ್ಪ ಮಾವ ಬೋರಿಬಂದರಿನಲ್ಲಿ ರುದ್ರಿಯನ್ನು ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದಾಗ ಕೂಸಿಗೆ ಮೊಲೆ ಬಿಡಿಸಿ ಇನ್ನೂ ತಿಂಗಳಾಗಿರಲಿಲ್ಲ. ನನ್ನ ಸೆರಗು ಬಿಡಲೊಲ್ಲದು. ನಾನೇ ಬೆರಳು ಬಿಡಿಸಿದೆ.

ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಹಾಸಿಗೆ ಸುಟ್ಟೆ, ಗೋಡೆಗೆ ಸುಣ್ಣ ಬಳಿದೆ. ಪಂಚಮಿ ಮುಗಿಸಿ ರುದ್ರಿ ಬಂದರೆ ಇಲ್ಲೂ ಆಡಲಿ ಎಂದು ತೊಲೆಗೆ ಸಣ್ಣದೊಂದು ಜೋಕಾಲಿಯನ್ನೂ ಕಟ್ಟಿದ್ದೆ. ಗದಿಗೆಪ್ಪ ನೋಡಿ ನಕ್ಕ. "ಏನವಾ ತಂಗಿ, ನೀನ ಆಡಾಕಿಯೇನ?" ಎಂದ. ಇವರ ಜೊತೆಗೇ ಮಗ್ಗ ಓಡಿಸುತ್ತಿದ್ದವನು ಅವನು. ಈಗ ಹಬ್ಬಕ್ಕೆ ಊರಿಗೆ ಹೊರಟಿದ್ದಾನೆ. ಈ ಪತ್ರವನ್ನೂ ರುದ್ರಿಗೆ ಒಂದು ಹಸಿರು ಲಂಗವನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಳತೆ ನನಗೆ ಗೊತ್ತಿರಲಿಲ್ಲ. ಸೇವಂತಿಯ ಮಗಳನ್ನು ನಿಲ್ಲಿಸಿ ಅಂದಾಜು ಮಾಡಿಸಿದೆ. ಉದ್ದವಾದರೆ ಮಡಚಿ ಹೊಲಿ.

ಈ ಪಂಚಮಿಗೆ ನಾನು ಬರಲಾರೆ ಅಕ್ಕ. ನೂಲು ಸುತ್ತುವ ಖಾತೆಯಲ್ಲಿ ನನಗೆ ರಜೆ ಕೊಡಲಿಲ್ಲ. ದೀಪಾವಳಿಗೆ ನೋಡೋಣ. ರುದ್ರಿಗೆ ಎಳ್ಳುಂಡಿ ಹೆಚ್ಚು ಕೊಡಬೇಡ, ಹೊಟ್ಟೆ ನೊಂದೀತು. ಜೋಕಾಲಿಯಲ್ಲಿ ನಿನ್ನ ತೊಡೆಯ ಮೇಲೆ ಕೂರಿಸಿಕೊಂಡೇ ಜೀಕು. ಬಸವಣ್ಣ ಅವಳನ್ನು ಗಟ್ಟಿಮುಟ್ಟಾಗಿ ಇಡಲಿ, ನನ್ನ ಆಯುಷ್ಯವೂ ಅವಳಿಗೇ ಇರಲಿ. ಮಾವನಿಗೆ ನನ್ನ ಶರಣು ಹೇಳು.

ನಿನ್ನ ತಂಗಿ,
ಕಾಶವ್ವ

ತಾ.ಕ.: ರಜೆಯ ಮಾತು ಸುಳ್ಳು. ನಿನ್ನ ಮೊದಲ ಪತ್ರ ಬಂದ ಕೂಡಲೇ ಕೇಳಿದ್ದೆ, ಕೊಟ್ಟಿದ್ದರು. ಕೂಸಿನ ಹತ್ತಿರ ಹೋಗುವ ಮುಂಚೆ ಎದೆಯ ಫೋಟೋ ತೆಗೆಸಿಕೊಳ್ಳಿ ಎಂದು ಸೇವಂತಿ ಹಟ ಹಿಡಿದಳು. ಅದೇ ಡಾಕ್ಟರರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಈ ಸಲ ಬೇರೆ ಖೋಲಿಯ ಮಾತು ಎತ್ತಲಿಲ್ಲ. ಮಗು ಎಲ್ಲಿದೆ ಎಂದರು. ಊರಲ್ಲಿ ಎಂದೆ. ಅಲ್ಲೇ ಇರಲಿ ಎಂದರು.

ಸೂಜಿ ಮದ್ದು ಶುರುವಾಗಿದೆ, ವಾಸಿಯಾಗುತ್ತದೆ ಎನ್ನುತ್ತಾರೆ. ನಮ್ಮ ಮನೆಯವರಿಗೂ ಹಾಗೆಯೇ ಅಂದಿದ್ದರು. ಗಿರಣಿಯಲ್ಲಿ ಯಾರಿಗೂ ಹೇಳಿಲ್ಲ. ಕೆಮ್ಮು ಬಂದಾಗ ನಾನೂ ಬಾಯಿಗೆ ಸೆರಗು ತುರುಕಿಕೊಳ್ಳುತ್ತೇನೆ, ನಾನು ಬೈದ ಆ ಮನುಷ್ಯನ ಹಾಗೆಯೇ. ಲಂಗ ದರ್ಜಿ ಹೊಲಿದದ್ದು. ಅಂಗಡಿಯಿಂದ ನೇರ ಗದಿಗೆಪ್ಪನ ಚೀಲಕ್ಕೆ ಹೋಯಿತು. ನಾನು ಮುಟ್ಟಿಲ್ಲ, ಆದರೂ ಬಿಸಿಲಿಗೆ ಹಾಕಿ ಉಡಿಸು. ಜೋಕಾಲಿಯ ಹಗ್ಗ ಬಿಚ್ಚಿದ್ದೇನೆ.

ಇನ್ನು ಮೇಲೆ ರುದ್ರಿ ನಿನ್ನನ್ನು ಅವ್ವಾ ಎಂದರೆ ತಿದ್ದಬೇಡ ಅಕ್ಕ. ಮುಂಬಯಿಯಿಂದ ಪತ್ರ ಬಂದಾಗ ಯಾರದೆಂದು ಕೇಳಿದರೆ, ಚಿಗವ್ವನದು ಅನ್ನು.