ರಾಜಕುಮಾರನ ಅಂಗಿ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ತಾನೆ? ಇಲ್ಲಿ ನಿನ್ನ ಅತ್ತಿಗೆ, ನಾನು ಆರಾಮ. ಅಪ್ಪನಿಗೆ ಕಣ್ಣು ಮಂಜಾಗಿದೆ. ಆದರೂ ನನ್ನ ಹೊಲಿಗೆಯನ್ನು ಬೆರಳಲ್ಲಿ ಸವರಿ ತಪ್ಪು ಹುಡುಕುವುದನ್ನು ಬಿಟ್ಟಿಲ್ಲ. ಗಿರಾಕಿಯ ಮದುವೆ ಕೋಟಿನ ಬಟ್ಟೆ ಹಾಳು ಮಾಡಿದೆಯೆಂದು ಅವರು ನಿನ್ನನ್ನು ಹೊರಗೆ ಹಾಕಿ ಆರು ವರ್ಷವಾಯಿತು. ನಿನ್ನ ಹೆಸರೆತ್ತಿದರೆ ಈಗಲೂ ಮುಖ ತಿರುಗಿಸುತ್ತಾರೆ.

ನಿನ್ನೆ ಸಂಜೆ ಕ್ಷೌರದವನು, ಗಡಿಯಾರ ರಿಪೇರಿಯವನು, ನಾನು, ಮೂವರೂ ಐತಿಹಾಸಿಕ ನಾಟಕವೊಂದಕ್ಕೆ ಹೋಗಿದ್ದೆವು. ಉಡುಪೆಲ್ಲ ನಮ್ಮ ಅಂಗಡಿಯದ್ದೇ. ಕೋಟೆ ಬಾಗಿಲು ಕಾಯುವ ದೊಡ್ಡ ರಾಜಕುಮಾರ ನಿದ್ದೆ ಹೋಗುತ್ತಾನೆ, ಶತ್ರುಗಳು ನುಗ್ಗುತ್ತಾರೆ, ತಪ್ಪು ಚಿಕ್ಕವನ ತಲೆಗೆ ಬರುತ್ತದೆ. ತಂದೆ ಅವನನ್ನು ಗಡಿಪಾರು ಮಾಡುತ್ತಾನೆ. ಆ ಚಿಕ್ಕವನು ವೇದಿಕೆಗೆ ಬಂದಾಗಲೇ ಅವನ ಅಂಗಿ ನನ್ನ ಕಣ್ಣಿಗೆ ಬಿದ್ದದ್ದು. ನಟನ ಅಳತೆಯ ಚೀಟಿ ಕಣ್ಣೆದುರೇ ಇದ್ದರೂ ನಾನು ನಿನ್ನ ಅಳತೆಗೆ ಕತ್ತರಿಸಿದ್ದೆ. ಅವಸರದಲ್ಲಿ ತೊಡಿಸಿ ನೋಡಲೂ ಇಲ್ಲ. ಭುಜ ಜೋತು ಬಿದ್ದಿತ್ತು, ತೋಳು ಬೆರಳನ್ನೂ ನುಂಗಿತ್ತು. ಅಷ್ಟು ವರ್ಷ ನಿನ್ನ ಅಂಗಿ ಹೊಲಿದ ಕೈ, ನನ್ನನ್ನು ಕೇಳದೆ ಅದರ ದಾರಿ ಹಿಡಿದಿದೆ.

ಮುಗಿದ ಮೇಲೆ ಚಹಾದಂಗಡಿಯ ಬೆಂಚಿನಲ್ಲಿ ನಮ್ಮ ಪಂಡಿತರ ವಿಮರ್ಶೆ. ಗಡಿಯಾರದವನು ಸೈನಿಕನ ಮಣಿಕಟ್ಟಿನಲ್ಲಿ ವಾಚಿನ ಬಿಳಿ ಗುರುತು ಕಂಡೆನೆಂದು ನಕ್ಕೂ ನಕ್ಕೂ ಸುಸ್ತಾದ. ದಣಿದವನಿಗೆ ನಿದ್ದೆ ಬರುವುದಿಲ್ಲವೇ, ದೊಡ್ಡವನದ್ದೇನು ತಪ್ಪು ಎಂಬುದು ಅವನ ವಾದ. ಕ್ಷೌರದವನು ಲೋಟ ಕೆಳಗಿಟ್ಟ. "ಮಲಗಿದ್ದು ತಪ್ಪಲ್ಲ ಕಣೋ. ಬೆಳಗ್ಗೆ ಎದ್ದ ಮೇಲೂ ಸುಮ್ನಿದ್ನಲ್ಲ, ಅದು ತಪ್ಪು" ಎಂದ. ನನ್ನ ಅಭಿಪ್ರಾಯ ಕೇಳಿದರು. ಅಂಗಿ ಸರಿಯಾಗಿ ಕೂತಿರಲಿಲ್ಲ ಎಂದಷ್ಟೇ ಹೇಳಿ ಎದ್ದೆ. ದುಃಖ ತಡೆಯಲಾಗಲಿಲ್ಲ ತಮ್ಮಾ, ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ.

ಅತ್ತಿಗೆ ದಿನಕ್ಕೊಮ್ಮೆಯಾದರೂ ನಿನ್ನ ಮಾತು ತೆಗೆಯುತ್ತಾಳೆ. ಅಲ್ಲಿ ಚೆನ್ನಾಗಿರು, ನೂರು ವರ್ಷ ಬಾಳು.

ನಿನ್ನ ಅಣ್ಣ

ವಿ.ಸೂ.: ಆ ಕೋಟಿನ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿದ್ದು ನಾನು. ಅದು ನಿನಗೆ ಗೊತ್ತಿತ್ತು. ಅಣ್ಣನ ಮರ್ಯಾದೆ ಹೋಗದಿರಲಿ ಎಂದು ನೀನು ಬಾಯಿ ಬಿಡಲಿಲ್ಲ. ಇವತ್ತು ಬೆಳಗ್ಗೆ ಅಪ್ಪನ ಪಕ್ಕ ಕೂತು ಹೇಳಿಬಿಟ್ಟೆ. ಅವರು ನನ್ನ ಅಂಗಿಯ ಹೊಲಿಗೆಯನ್ನು ಬೆರಳಲ್ಲಿ ಸವರಿದರು. ಆಮೇಲೆ, "ಕತ್ತರಿ ಯಾರ ಕೈಲಿತ್ತು ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ನೀನೇ ಹೇಳ್ತೀಯ ಅಂತ ಕಾದೆ" ಎಂದರು. ಅವರು ಕಾದರು, ನಾನು ಸುಮ್ಮನಿದ್ದೆ, ಇಬ್ಬರೂ ದಿನಾ ಒಟ್ಟಿಗೆ ಊಟಕ್ಕೆ ಕೂತೆವು. ನಿನ್ನನ್ನು ಬಾ ಎಂದು ಕರೆಯಲು ನಮ್ಮಿಬ್ಬರಿಗೂ ಮುಖವಿಲ್ಲ. ಆದರೂ ಬಾ.