ಅಪ್ಪನ ಹ್ಯಾಟಿನ ಅಳತೆ

ಬೈರಾಪಟ್ಟಣ
27-1-2026, ಮಂಗಳವಾರ

ಪ್ರೀತಿಯ ಚೈತ್ರಕ್ಕಾ,

ಹೇಗಿದ್ದೀಯ? ಬೂಟು ಕಚ್ಚಿದ ಹಿಮ್ಮಡಿ ವಾಸಿಯಾಯಿತೆ? ನಿನ್ನೆ ಗಣರಾಜ್ಯೋತ್ಸವಕ್ಕೆ ನಿಮ್ಮನ್ನೂ ಪರೇಡಿನಲ್ಲಿ ನಡೆಸಿದರೆ? ಕಲಬುರಗಿಯ ಜೋಳದ ರೊಟ್ಟಿ ಅಭ್ಯಾಸವಾಯಿತು ಎಂದು ನೀನು ಹೇಳಿದ್ದನ್ನು ಅಮ್ಮ ಇನ್ನೂ ನಂಬಿಲ್ಲ. 'ಮುದ್ದೆ ಉಂಡು ಬೆಳೆದ ಕೂಸು, ಆ ರೊಟ್ಟಿ ಅದೆಂಗೆ ತಿಂತೈತೋ' ಎಂದು ಅವರೆಕಾಳು ಹಿತಕುವಾಗಲೆಲ್ಲ ಹೇಳುತ್ತಾಳೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ. ಚೆನ್ನಾಗಿದ್ದೇವೆ ಎಂದು ಬರೆದ ಮೇಲೆ ಅದನ್ನೂ ಬರೆಯಬೇಕಲ್ಲ. ಟ್ರೇನಿಂಗಿನಲ್ಲಿ ಭಾನುವಾರ ನಿನ್ನ ಕೈಗೆ ಫೋನು ಕೊಡುವುದೇ ಹತ್ತು ನಿಮಿಷ, ಅದು ಅಮ್ಮನಿಗೇ ಸಾಲದು. ಅವಳು ಪಕ್ಕದಲ್ಲಿ ಕೂತಿರುವಾಗ ಈ ವಿಷಯ ಬಾಯಿಗೆ ಬರುವುದೂ ಇಲ್ಲ. ಅದಕ್ಕೇ ಕಾಗದ.

ಅಕ್ಕಾ, ಅಪ್ಪನ ಹ್ಯಾಟನ್ನು ನಾನು ಕೆಡಿಸಿಬಿಟ್ಟಿದ್ದೇನೆ.

ಸಂಕ್ರಾಂತಿಯ ಮಾರನೆಯ ದಿನ ಅಮ್ಮ ಟ್ರಂಕು ತೆಗೆದಳು. ಮುಂದಿನ ತಿಂಗಳು ನಿನ್ನ ಟ್ರೇನಿಂಗ್ ಮುಗಿಯುವ ಪರೇಡ್ ಆದ ಮೇಲೆ ಹ್ಯಾಟನ್ನು ನಿನ್ನ ತಲೆಗೆ ಒಂದು ಸಲ ಇಟ್ಟು ಫೋಟೋ ತೆಗೆಸಬೇಕೆಂಬ ಅವಳ ಆಸೆ ನಿನಗೆ ಗೊತ್ತು. ಅಪ್ಪ ಹೋಗಿ ಎರಡು ವರ್ಷವಾಯಿತು, ಅಪ್ಪನ ಪೊಲೀಸ್ ಕೆಲಸ ಅನುಕಂಪದ ಮೇಲೆ ನಿನಗೆ ಬಂತು, ಪೇದೆಗಳಿಗೆಲ್ಲ ಈಗ ಕ್ಯಾಪ್ ಬಂದು ಆ ಮಡಚಿದ ಅಂಚಿನ ಉಣ್ಣೆ ಹ್ಯಾಟೂ ಹೋಯಿತು. ಉಳಿದದ್ದು ಇದೊಂದೇ. ನಾನು ಪಿಯುಸಿ ಮುಗಿಸಿದ್ದರೆ ಆ ಕೆಲಸ ನನಗೆ ಬರುತ್ತಿತ್ತೇನೋ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಮುಕ್ಕಾಲು ಪಾಲು ನಿಜ. ಟ್ರಂಕಿನಲ್ಲಿ ನುಸಿಗುಳಿಗೆ ಕರಗಿಹೋಗಿತ್ತು. ಹುಳು ತಿಂದು ರಾಗಿಕಾಳಿನಷ್ಟು ನಾಲ್ಕು ತೂತು, ಅಂಚು ನೆನೆದ ನಾಯಿಯ ಕಿವಿಯಂತೆ ಜೋತುಬಿದ್ದಿತ್ತು, ಸುತ್ತ ಬೆವರಿನ ಬಿಳಿ ಗೆರೆ. ಅಮ್ಮ ಅದನ್ನು ನನ್ನ ಮುಂದಿಟ್ಟು ಒಳಗೆ ಹೋದಳು.

ಮೊದಲು ಎಲ್ಲ ಚೆನ್ನಾಗಿಯೇ ಆಯಿತು. ಹೊಸ ಬ್ರಷ್ಷಿನಲ್ಲಿ ಒಂದೇ ಕಡೆಗೆ ಉಜ್ಜಿ ಧೂಳು ತೆಗೆದೆ. ಎಣ್ಣೆ ಕಲೆಗೆ ಅಕ್ಕಿಹಿಟ್ಟು ಉದುರಿಸಿ ಒಂದು ದಿನ ಬಿಟ್ಟೆ. ಅಂಚಿನ ಕೆಳಗಿನಿಂದ ಒಸಿ ಉಣ್ಣೆ ಕೆರೆದು ಗೋಂದಿನಲ್ಲಿ ತೂತುಗಳಿಗೆ ತುಂಬಿದೆ. ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಕೈಯಲ್ಲಿ ತೀಡಿದರೆ ಅಂಚು ತಾನೇ ಎದ್ದು ನಿಂತಿತು. ಅಮ್ಮ ಬಾಗಿಲಲ್ಲಿ ನಿಂತು 'ಸಾಕು ಕಣ್ಲಾ, ಇನ್ ಮುಟ್ಬ್ಯಾಡ' ಎಂದಳು. ಆ ಮಾತು ಕೇಳಿದ್ದರೆ ಈ ಕಾಗದ ಬೇಕಿರಲಿಲ್ಲ.

ನನ್ನ ತಲೆಯಲ್ಲಿ ಹೊಕ್ಕಿದ್ದು ನಿನ್ನ ತಲೆಯ ಅಳತೆ. 'ಸ್ಟೋರಿನಲ್ಲಿ ಇದ್ದ ಸೈಜಿನ ಕ್ಯಾಪ್ ಕೊಟ್ಟರು, ನನ್ನ ತಲೆ ಇಪ್ಪತ್ತೊಂದೂವರೆ ಇಂಚು, ಸೆಲ್ಯೂಟ್ ಹೊಡೆದರೆ ಕ್ಯಾಪ್ ಕಣ್ಣಿಗೆ ಬರುತ್ತೆ' ಎಂದು ಫೋನಿನಲ್ಲಿ ನಕ್ಕಿದ್ದೆಯಲ್ಲ. ಅಪ್ಪನ ಹ್ಯಾಟಿನ ಒಳಸುತ್ತು ಇಪ್ಪತ್ಮೂರು. ಅದೂ ನಿನ್ನ ಕಣ್ಣಿಗೇ ಬರುತ್ತದೆ. ಬಿಸಿನೀರಲ್ಲಿ ನೆನೆಸಿ ಮರದ ಅಚ್ಚಿಗೆ ಎಳೆದು ಒಣಗಿಸಿದರೆ ಹ್ಯಾಟು ಅಚ್ಚಿನ ಅಳತೆಗೆ ಕೂರುತ್ತದೆ ಎಂದು ವೀಡಿಯೋದಲ್ಲಿ ನೋಡಿದ್ದೆ. ನಾನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು, ಅಚ್ಚು ನನಗೆ ಯಾವ ಲೆಕ್ಕ? ಗೊಂಬೆಗೆ ಬಳಸುವ ಆಲೆ ಮರ ಅಷ್ಟು ದಪ್ಪದ್ದು ಸಿಗುವುದು ಅಪರೂಪ. ಯಜಮಾನರು ಕೆಂಪರಾಜಣ್ಣ ಯಾಕೆ ಎಂದೂ ಕೇಳದೆ ಮೂಲೆಯಲ್ಲಿದ್ದ ತುಂಡೊಂದನ್ನು ಕೊಟ್ಟರು. ಮರ ತಿರುಗಿಸುವ ಲೇತಿಗೆ ಕೊಟ್ಟು ದಾರ ಸುತ್ತಿ ಸುತ್ತಿ ನೋಡಿ ಕಡೆದೆ. ಇಪ್ಪತ್ತೊಂದೂವರೆ ಎಂದರೆ ಇಪ್ಪತ್ತೊಂದೂವರೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಮನೆಗೆ ತಂದು ಹ್ಯಾಟಿನ ಒಳಗಿನ ಚರ್ಮದ ಪಟ್ಟಿ ಬಿಚ್ಚಿದೆ, ಅದರ ಹಿಂದೆ ತುರುಕಿದ್ದ ಹಳೇ ಪೇಪರ್ ಚೂರನ್ನು ಕಸವೆಂದು ಪಕ್ಕಕ್ಕೆಸೆದೆ. ಹ್ಯಾಟು ನೆನೆಸಿ, ಅಚ್ಚಿಗೆ ಎಳೆದು, ಹಗ್ಗ ಬಿಗಿದು ಮೂರು ದಿನ ಒಣಗಿಸಿದೆ.

ಬಿಚ್ಚಿದಾಗ ನಾನೇ ಬೆರಗಾದೆ, ಅಷ್ಟು ಚೆಂದ ಕೂತಿತ್ತು. ತೋರಿಸಲು ಕೆಲಸಕ್ಕೆ ಒಯ್ದೆ. ಗೊಂಬೆಗಳಿಗೆ ಕಣ್ಣು ಬರೆಯುವ ಸಾನಾ ಅಕ್ಕನ ತಲೆ ಹೆಚ್ಚುಕಡಿಮೆ ನಿನ್ನಷ್ಟೇ, ಅವರ ತಲೆಗಿಟ್ಟೆ. ಮುಂದೆ ಹಣೆಗೆ ಕಚ್ಚಿ ನಿಂತಿತು. ಎರಡೂ ಕಿವಿಯ ಮೇಲೆ ಬೆರಳು ತೂರುವಷ್ಟು ಸಂದು. ಒತ್ತಿದರೆ ಮೇಲಕ್ಕೆ ನೆಗೆಯಿತು. 'ಏನೋ ದೀಪು, ನಿಮ್ಮಕ್ಕನ್ ತಲೆ ಏನ್ ಬುಗುರಿನಾ?' ಎಂದರು ಸಾನಾ ಅಕ್ಕ. ಆಗ ತಿಳಿಯಿತು. ಮನುಷ್ಯರ ತಲೆ ದುಂಡಗಿಲ್ಲ, ಹಣೆಯಿಂದ ಹಿಂದಕ್ಕೆ ಉದ್ದಕ್ಕಿರುತ್ತದೆ. ಎರಡು ವರ್ಷದಿಂದ ದಿನಾ ದುಂಡಗಿನದನ್ನೇ ಕಡೆದು ಕಡೆದು ನನಗೆ ಅದು ಹೊಳೆಯಲೇ ಇಲ್ಲ. ಕೆಂಪರಾಜಣ್ಣ ಹ್ಯಾಟು ತಿರುಗಿಸಿ ನೋಡಿ, 'ದೊಡ್ಡ ಗೊಂಬೆಗೆ ಅಂದ್ಕಂಡು ಮರ ಕೊಟ್ಟೆ ಕಣ್ಲಾ. ಲೇತ್ ಮ್ಯಾಲೆ ದುಂಡಗಿರೋದೇ ಬರೋದು. ದೇವ್ರು ಲೇತ್ ಮಡಿಕಂಡಿರ್ನಿಲ್ಲ' ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹೊರಗೆ ಹೋಗಿ ನಿಂತೆ.

ಸರಿಮಾಡಲು ನೋಡಿದೆ. ಮತ್ತೆ ಹಬೆಗೆ ಹಿಡಿದು ಮಂಡಿಗೆ ಸಿಕ್ಕಿಸಿ ಎಳೆದೆ. ಹಣೆಯ ಕಡೆ ಉಣ್ಣೆ ತೆಳ್ಳಗಾಗಿ ಬಿಸಿಲಿಗೆ ಹಿಡಿದರೆ ಬೆಳಕು ಕಾಣುತ್ತದೆ. ಇನ್ನೊಮ್ಮೆ ಎಳೆದರೆ ಹರಿಯುತ್ತದೆ. ಚರ್ಮದ ಪಟ್ಟಿ ಒಣಗಿ ಹಪ್ಪಳದಂತೆ ಸುರುಟಿದೆ. ಕೈಚೆಲ್ಲಿ ಕೂತಾಗ ಎಸೆದಿದ್ದ ಆ ಪೇಪರ್ ಕಣ್ಣಿಗೆ ಬಿತ್ತು. ಅದು ಕಸವಲ್ಲ, ಹ್ಯಾಟು ಬಿಗಿಯಾಗಲೆಂದು ಅಪ್ಪ ಮಡಚಿ ಇಟ್ಟದ್ದು. ಬೆರಳಗಲ, ನಾಲ್ಕು ಮಡಿಕೆ, ಮಡಿಕೆಯೊಳಗೆ 2009 ಎಂಬ ಇಸವಿ. ಹ್ಯಾಟು ಅಪ್ಪನಿಗೂ ದೊಡ್ಡದೇ ಆಗಿತ್ತು ಅಕ್ಕಾ. ಅವರಿಗೂ ಸ್ಟೋರಿನಲ್ಲಿದ್ದ ಸೈಜನ್ನೇ ಕೊಟ್ಟಿರಬೇಕು. ಇನ್ನೆರಡು ಮಡಿಕೆ ಸೇರಿಸಿದ್ದರೆ ನಿನಗೂ ಸರಿಯಾಗುತ್ತಿತ್ತು. ಅಷ್ಟೇ ಕೆಲಸ ಇದ್ದದ್ದು.

ನಾನು ಮತ್ತೆ ಅಚ್ಚಿನ ಮೇಲೆ ಇಟ್ಟಿದ್ದ ಹ್ಯಾಟನ್ನು ಅಮ್ಮ ನೋಡಿದಳು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. 'ನಿಮ್ಮಪ್ಪ ಕೆಲ್ಸಕ್ಕೆ ಸೇರ್ದಾಗ ಇಂಗೇ ಇತ್ತು' ಎಂದು ಅದನ್ನು ಸವರಿದಳು. 'ಅಕ್ಕಂಗೆ ಸರ್ಯಾಗ್ ಕೂತ್ಕತದಾ?' ಎಂದು ಕೇಳಿದಳು. ರೆಕಾರ್ಡ್ ಪುಸ್ತಕ ನಾನು ಬರೆದದ್ದಲ್ಲ, ನಮ್ಮಕ್ಕ ಬರೆದದ್ದು ಎಂದು ಯಾರೂ ಕೇಳದೆಯೇ ಲೆಕ್ಚರರಿಗೆ ಹೇಳಿ ಕಾಲೇಜು ಬಿಟ್ಟು ಬಂದವನು ನಾನು, ಅವತ್ತು ನೀನು ಎಷ್ಟು ಬೈದೆ! ಅಂಥವನು ಅಮ್ಮನ ಮುಂದೆ ನಿಜ ಹೇಳಲಿಲ್ಲ. ಸುಮ್ಮನಿದ್ದದ್ದನ್ನೇ ಅವಳು ಹೌದು ಎಂದುಕೊಂಡು ಹ್ಯಾಟನ್ನು ಅಪ್ಪನ ಬಿಳಿ ಪಂಚೆಯಲ್ಲಿ ಸುತ್ತಿಟ್ಟಳು. ನಾಳೆ ಹೇಳುತ್ತೇನೆ ಎಂದು ಬರೆಯಲಾರೆ. ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು. ಸಾನಾ ಅಕ್ಕ ನಿನ್ನನ್ನು ಕೇಳಿದರು. ಅಮ್ಮನ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ, ಈ ಕಾಗದ ಬರೆಯುತ್ತಿರುವುದು ಮಾತ್ರ ಅವಳಿಗೆ ಗೊತ್ತಿಲ್ಲ.

ನಿನ್ನ ತಮ್ಮ,
ದೀಪು

ಮರೆತಿದ್ದೆ: ಲಕೋಟೆಯಲ್ಲಿ ಅಪ್ಪನ ಆ ಪೇಪರ್ ಮಡಿಕೆ ಇಟ್ಟಿದ್ದೇನೆ, ನನ್ನಂತೆ ಕಸವೆಂದು ಎಸೆಯಬೇಡ. ಕಂದು ಬಣ್ಣ ಅವರ ಬೆವರಿನದು. ನಿನ್ನ ಕ್ಯಾಪಿನ ಒಳಪಟ್ಟಿಯ ಹಿಂದೆ, ಹಣೆಯ ಕಡೆಗೆ ಇಟ್ಟುಕೋ, ಕ್ಯಾಪ್ ಕಣ್ಣಿಗೆ ಬರುವುದಿಲ್ಲ. ಆದರೆ ಪರೇಡಿನ ದಿನ ಅಮ್ಮ ಪಂಚೆ ಬಿಚ್ಚಿ ಹ್ಯಾಟು ಎತ್ತಿಕೊಂಡು ನಿನ್ನ ಮುಂದೆ ನಿಂತಾಗ ನಾವು ಏನು ಮಾಡುವುದು? ಭಾನುವಾರದ ಹತ್ತು ನಿಮಿಷದಲ್ಲಿ ಒಂದು ನಿಮಿಷ ನನಗಿಡು.