ಎಣ್ಣೆ ಹಾಕಿದ ಚಿಲಕ

ನಿನ್ನದೇ ಅಡುಗೆಮನೆಯ ಮೇಜಿನಿಂದ,
ಏಳನೆಯ ತಾರೀಖು, ಮಂಗಳವಾರ, ಮಗು ಮಲಗಿರುವ ಹೊತ್ತು

ಪ್ರೀತಿಯ ತಂಗಿಗೆ ನಿನ್ನ ಏಕೈಕ ಅಣ್ಣನ, ಅದೂ ಇಂಥ ಅಣ್ಣನ, ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಹೋಯಿತೇ? ಹಾಸ್ಟೆಲಿನ ಹಾಸಿಗೆ ಬೆನ್ನಿಗೆ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ರೈಲಿನ ಎಂಜಿನ್ ಓಡಿಸುವವಳೇ ಹಸಿದು ಕೂತರೆ ಹಿಂದಿನ ಡಬ್ಬಿಗಳವರ ಗತಿಯೇನು? ಸೈಕಲ್ಲಿಗಿಂತ ದೊಡ್ಡದೇನನ್ನೂ ಓಡಿಸದ ನಮ್ಮ ವಂಶದಲ್ಲಿ ನೀನೊಬ್ಬಳು ಹುಟ್ಟಿದ್ದೀಯೆಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಬೀಗ ರಿಪೇರಿಗೆ ಬಂದವರು ಬೀಗವನ್ನೇ ಮರೆತು ಹೋಗುತ್ತಾರೆ. ನಿನ್ನ ಪ್ರಶ್ನೆ ತಲುಪಿತು. ದೂರದ ಗಾಡಿಗಳ ತರಬೇತಿಗೆ ಇನ್ನೈದು ತಿಂಗಳು ಅಲ್ಲೇ ಉಳಿಯುತ್ತೀಯೋ ಇಲ್ಲವೋ ಎಂದು ಶುಕ್ರವಾರದೊಳಗೆ ಅವರಿಗೆ ಹೇಳಬೇಕು. ಅಷ್ಟು ದಿನ ಮಗು ನಮ್ಮಿಬ್ಬರು ಗಂಡಸರ ಕೈಯಲ್ಲಿ ಕ್ಷೇಮವಾಗಿರುತ್ತದೆಯೇ ಎಂದು ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಚಾಳಿಯಿಲ್ಲ.

ಮೊದಲು ನೀನು ಕಟ್ಟಿಕೊಂಡ ಮಹಾಶಯನ ಸುದ್ದಿ. ನಾನು ಅವನಿಗೆ ಸ್ಕೇಲ್‌ಪಟ್ಟಿ ಎಂದು ಹೆಸರಿಟ್ಟಿದ್ದೇನೆ. ನಕಾಶೆ ಕಚೇರಿಯಲ್ಲಿ ದಿನವಿಡೀ ಗೆರೆ ಎಳೆದದ್ದು ಸಾಲದೆಂದು ಮನೆಗೆ ಬಂದು ಮಗುವಿಗೂ ಗೆರೆ ಎಳೆಯುತ್ತಾನೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟು ಅಂಟಿಸಿದ್ದಾನೆ. ಏಳು ಹತ್ತಕ್ಕೆ ಹಾಲು. ಎಂಟೂವರೆಗೆ ಬಾಳೆಹಣ್ಣು. ಕಕ್ಕಕ್ಕೆ ಬೇರೆಯೇ ಕಾಲಂ, ಅದರಲ್ಲಿ ಹಳದಿ, ಹಸಿರು, ಇತರೆ ಎಂದು ಮೂರು ವಿಭಾಗ. ಇತರೆ ಎಂದರೇನಪ್ಪಾ ಎಂದು ಕೇಳಿದರೆ ಯೋಚಿಸಿ ಹೇಳುತ್ತೇನೆ ಎಂದ, ಇವತ್ತಿಗೂ ಯೋಚಿಸುತ್ತಿದ್ದಾನೆ. ಮಗು ಬಿದ್ದರೆ ಓಡಿಹೋಗಿ ಪೆಟ್ಟಾದ ಜಾಗಕ್ಕೆ ಉಫ್ ಎಂದು ಊದುತ್ತಾನೆ. ಅದನ್ನು ಅವಳಿಗೂ ಕಲಿಸಿದ್ದಾನೆ. ಈಗ ಮನೆಯಲ್ಲಿ ಕುರ್ಚಿ ಉರುಳಿದರೆ ಕುರ್ಚಿಗೂ ಉಫ್. ಒಂದೇ ಕೋಣೆಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ನಾನು ಇಷ್ಟು ದಿನ ಯಾವ ಊದುವಿಕೆಯಿಂದ ಬದುಕಿದೆನೋ ಗೊತ್ತಿಲ್ಲ.

ಇನ್ನು ನಿನ್ನ ಮಗಳು. ಅವಳನ್ನು ಮೆಣಸು ಎಂದು ಕರೆಯುತ್ತೇನೆ. ಗಾತ್ರಕ್ಕೂ ಖಾರಕ್ಕೂ ಅದೇ ಸರಿ. ಒಂದು ವರ್ಷ ಎಂಟು ತಿಂಗಳಿಗೇ ಇಷ್ಟು ಅಹಂಕಾರ ನಮ್ಮ ಮನೆತನದ್ದಲ್ಲ, ಆ ಕಡೆಯದ್ದಿರಬೇಕು. ನಿನ್ನೆ ಬಾಳೆಹಣ್ಣು ಸುಲಿಯುವಾಗ ತುಂಡಾಯಿತು. ಅದನ್ನು ಮತ್ತೆ ಒಂದು ಮಾಡಿಕೊಡಬೇಕಂತೆ. ಅರ್ಧ ಗಂಟೆ ನೆಲದ ಮೇಲೆ ಮಲಗಿ ಕಾಲು ಬಡಿದಳು. ಬೇರೆ ಹಣ್ಣು ಕೊಟ್ಟರೆ "ಬೇಡ". ಕಸಿದುಕೊಂಡರೆ ಅದಕ್ಕೂ "ಬೇಡ". ಬಲಗಾಲಿನ ಕಾಲುಚೀಲ ಎಡಗಾಲಿಗೆ ಹೋಗಬಾರದು, ಎರಡೂ ಒಂದೇ ಥರ ಇದ್ದರೂ. ದೊಡ್ಡ ದೊಡ್ಡ ತಿಜೋರಿಗಳು ನನ್ನ ಕೈಗೆ ಬಗ್ಗಿವೆ, ಇವಳು ಬಗ್ಗುವುದಿಲ್ಲ. ಆದರೆ ಮಾವ ಎಂದು ಹೇಳಲು ಬಾರದೆ "ವಾಮ" ಎನ್ನುತ್ತಾಳೆ. ತಿದ್ದುವುದು ನನ್ನ ಕೆಲಸವಲ್ಲವಾದ್ದರಿಂದ ಬಿಟ್ಟಿದ್ದೇನೆ.

ಸ್ಕೇಲ್‌ಪಟ್ಟಿಯ ಇನ್ನೊಂದು ರೋಗ ಸಲಹೆ ಕೊಡುವುದು. ಸಾಮಾನಿನ ಕೋಣೆಯ ಹೊರಗಡೆಯ ಚಿಲಕ ನಿನಗೆ ಗೊತ್ತಲ್ಲ, ಎರಡು ಕೈ ಹಾಕಿ ಜಗ್ಗಬೇಕಿತ್ತು. ಬೀಗದವನು ಇರುವ ಮನೆಯಲ್ಲಿ ಕಿರುಗುಟ್ಟುವ ಚಿಲಕ ಎಂದರೆ ನನ್ನ ಮುಖಕ್ಕೇ ಉಗಿದಂತೆ. ಹೋದ ವಾರ ಅದನ್ನು ಅರದಿಂದ ಉಜ್ಜಿ, ಎಣ್ಣೆ ಹಾಕಿ, ಒಂದು ಬೆರಳಿಗೆ ಜಾರುವಂತೆ ಮಾಡಿದೆ. ಇವನು ಬಂದು ನೋಡಿ, "ಭಾವ, ಅದು ಬಿಗಿಯಾಗೇ ಇದ್ರೆ ಒಳ್ಳೇದಿತ್ತು. ಮೇಲಕ್ಕಾದ್ರೂ ಹಾಕಿ, ಅವಳಿಗೆ ಎಟುಕುತ್ತೆ. ನಿಮ್ಮ ಸಾಮಾನಿನ ಚೀಲನೂ ಕಪಾಟಿನ ಮೇಲಿಡಿ" ಎಂದ. "ಗೆರೆ ನೀನು ಎಳಿ, ಚಿಲಕ ನನಗೆ ಬಿಡು" ಎಂದು ಬಾಯಿ ಮುಚ್ಚಿಸಿದೆ.

ನಿನ್ನೆ ಮಧ್ಯಾಹ್ನ ಹನ್ನೆರಡೂಕಾಲಿಗೆ ಬಕೆಟ್ ತರಲು ಆ ಕೋಣೆಗೆ ಹೋದೆ. ಹಿಂದೆ ಬಾಗಿಲು ಮುಚ್ಚಿತು. ಟಕ್ ಎಂದಿತು. ಎಂಥ ಇಂಪಾದ ಸದ್ದೆಂದರೆ, ಒಳಗೆ ಸಿಕ್ಕಿಬಿದ್ದವನು ನಾನೇ ಎಂದು ಹೊಳೆಯುವ ಮೊದಲು ನನಗೆ ಹೆಮ್ಮೆಯೇ ಆಯಿತು. ಬಾಗಿಲ ಕೀಲುಗಳು ಹೊರಗೆ, ಸಾಮಾನಿನ ಚೀಲ ಹೊರಗೆ, ಫೋನು ಹೊರಗೆ. "ಮೆಣಸು, ಈ ಕಡೆ ಎಳಿ ಕಂದ" ಎಂದೆ. "ಬೇಡ" ಎಂದಳು. ನೆಲಕ್ಕೆ ಕೆನ್ನೆಯಿಟ್ಟು ಬಾಗಿಲಡಿಯ ಸಂದಿಯಲ್ಲಿ ನೋಡಿದರೆ ಎರಡು ಪಾದ. ಅವೂ ತಿರುಗಿ ಹೊರಟುಹೋದವು. ಎಲ್ಲೋ ಏನೋ ಸದ್ದಾಯಿತು. ಆಮೇಲೆ ಅದೂ ಇಲ್ಲ. ಆ ಮಗು ಕಿರುಚಿದರೆ ನನಗೆ ಸಿಟ್ಟು ಬರುತ್ತದೆ. ಸುಮ್ಮನಾದರೆ ಆ ಕಿರುಚಾಟವೇ ಬೇಕೆನಿಸುತ್ತದೆ ಎಂದು ನನಗೆ ನಿನ್ನೆ ಗೊತ್ತಾಯಿತು. ಗೋಡೆ ಗುದ್ದಿದೆ, ಕೂಗಿದೆ. ಪಕ್ಕದ ಮನೆಯವರು ಕೆಲಸಕ್ಕೆ ಹೋದ ಹೊತ್ತು, ಯಾರಿಗೂ ಕೇಳಲಿಲ್ಲ.

ಬುದ್ಧಿವಂತಿಕೆ ನೋಡು ನನ್ನದು. ಅಳಲು ಶುರು ಮಾಡಿದೆ. ಗಟ್ಟಿಯಾಗಿ, ಬಿಕ್ಕಿ ಬಿಕ್ಕಿ. ಪಾದಗಳು ಓಡಿಬಂದವು. ಆಚೆ ಅವಳು ಮಲಗಿ, ಸಂದಿಗೆ ಬಾಯಿಟ್ಟು ಉಫ್ ಎಂದಳು. ಬಾಳೆಹಣ್ಣಿನ ವಾಸನೆ. ಇನ್ನೂ ಹತ್ತಿರ ಬಾ ಎಂದೆ, ಬಂದಳು. ನಾನು ನಿಲ್ಲಿಸಿದರೆ ಎದ್ದು ಹೊರಡುತ್ತಾಳೆ, ಅತ್ತರೆ ಬಂದು ಊದುತ್ತಾಳೆ. ಐವತ್ತು ನಿಮಿಷ ಅತ್ತೆ. ಅಪ್ಪ ಹೋದಾಗಲೂ ಅಷ್ಟು ಅತ್ತವನಲ್ಲ. ಮೊದಲ ಹತ್ತು ನಿಮಿಷ ನಾಟಕ. ಮಿಕ್ಕದ್ದರ ವಿಚಾರ ಬಿಡು, ಆ ಕೋಣೆಯಲ್ಲಿ ಧೂಳು ಬಹಳ.

ಒಂದು ಗಂಟೆ ಹತ್ತು ನಿಮಿಷಕ್ಕೆ, ಒಂಬತ್ತಕ್ಕಲ್ಲ, ಹನ್ನೊಂದಕ್ಕಲ್ಲ, ಸ್ಕೇಲ್‌ಪಟ್ಟಿ ಊಟಕ್ಕೆ ಬಂದು ಒಂದು ಬೆರಳಲ್ಲಿ ಚಿಲಕ ತೆಗೆದ. ನನ್ನ ಮುಖ ನೋಡಿದ. ಬೈಯುತ್ತಾನೆಂದು ಕಾದೆ. "ನೀರು ಬೇಕಾ ಭಾವ?" ಎಂದ. ಅಷ್ಟೇ. ಇಷ್ಟು ಒಳ್ಳೆಯ ಅವಕಾಶ ಸಿಕ್ಕರೂ ಬೈಯಲು ಬಾರದ ಗಂಡಸಿನ ಜೊತೆ ನೀನು ಹೇಗೆ ಸಂಸಾರ ಮಾಡುತ್ತೀಯೋ.

ಆದ್ದರಿಂದ ನನ್ನ ಉತ್ತರ: ಉಳಿದುಕೋ. ಇಂಥ ಸಮಯಸ್ಫೂರ್ತಿಯ ಅಣ್ಣ ಮನೆಯಲ್ಲಿರುವಾಗ ನಿನಗೇನು ಚಿಂತೆ? ಹಾಸ್ಟೆಲಿನ ಗೆಳತಿಯರಿಗೆ ನನ್ನ ಬಗ್ಗೆ ಹೇಳು, ಸ್ವಲ್ಪ ಕಡಿಮೆ ಮಾಡಿಯೇ ಹೇಳು, ನಂಬಬೇಕಲ್ಲ. ಬೆಚ್ಚಗಿರು, ನೂರು ವರ್ಷ ಗಾಡಿ ಓಡಿಸು.

ನಿನ್ನ ಅಣ್ಣ,
ಬೀಗದ ಡಾಕ್ಟರು

ಮರೆತ ಮಾತು: ಬಾಗಿಲು ತೆರೆದಾಗ ಅವಳ ಎಡಗೈ ಮುಷ್ಟಿಯಲ್ಲಿ ನನ್ನ ಸಾಮಾನಿನ ಚೀಲದ ದಬ್ಬಣವಿತ್ತು. ನನ್ನ ಬೆರಳಿಗಿಂತ ಉದ್ದದ್ದು, ಭಾನುವಾರ ತಾನೇ ನಾನು ಮೊನೆ ತೀಡಿದ್ದು. ಅದನ್ನು ಕಣ್ಣ ಪಕ್ಕದಲ್ಲಿ ಹಿಡಿದುಕೊಂಡೇ ಅಷ್ಟೂ ಹೊತ್ತು ಊದಿದ್ದಾಳೆ. ನಾನು ಒಳಗಿನಿಂದ ಹತ್ತಿರ ಬಾ, ಹತ್ತಿರ ಬಾ ಎನ್ನುತ್ತಿದ್ದೆ. ಸ್ಕೇಲ್‌ಪಟ್ಟಿ ಅವಸರ ಮಾಡದೆ ಅವಳಿಗೊಂದು ಚಮಚ ಕೊಟ್ಟು ಅದನ್ನು ತೆಗೆದುಕೊಂಡ. ಚೀಲ ಈಗ ಕಪಾಟಿನ ಮೇಲಿದೆ. ಚಿಲಕಕ್ಕೆ ಬಾಗಿಲ ಮೇಲ್ತುದಿಯಲ್ಲಿ ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ, ಅವನು ಹಾಕಿದಲ್ಲೇ ನಾನು ತೂತು ಕೊರೆದೆ. ಎಣ್ಣೆಯನ್ನು ಒರೆಸಿ ತೆಗೆದಿದ್ದೇನೆ, ಕಿರುಗುಟ್ಟುತ್ತಿದೆ. ಶುಕ್ರವಾರ ಹೂಂ ಎಂದೇ ಹೇಳು, ಆದರೆ ನನ್ನನ್ನು ನಂಬಿ ಹೇಳಬೇಡ, ಆ ಚಾರ್ಟನ್ನು ನಂಬು. ಇವತ್ತು ಏಳು ಹತ್ತರ ಹಾಲನ್ನು ಅದರಲ್ಲಿ ನಾನೇ ಬರೆದೆ. ನಾನು ಹೀಗೆಂದೆನೆಂದು ಅವನಿಗೆ ತಿಳಿಸಲು ಹೋಗಬೇಡ. ಎದ್ದಳು, ವಾಮ ಎನ್ನುತ್ತಿದ್ದಾಳೆ.